ನೊರೆ ಉಕ್ಕಿದ ಮಾತ್ರಕ್ಕೆ ಕೊಳೆ ಹೋಗುವುದಿಲ್ಲ

ಪ್ರಶ್ನೆ: ಮೇಡಂ, ನಮ್ಮ ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ. ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಅದಕ್ಕೆ ಅಂಗಡಿಯ ಕ್ಲೀನರ್ ಬಿಟ್ಟು, ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಬಾಟಲಿಗೆ ತುಂಬಿಟ್ಟಿದ್ದೇನೆ. ಬೆರೆಸುವಾಗ ಚೆನ್ನಾಗಿ ನೊರೆ ಬರುತ್ತದೆ. ಆದರೆ ಸ್ಟೌವ್ ಮೇಲಿನ ಜಿಡ್ಡೂ ಬಿಡುತ್ತಿಲ್ಲ, ನಲ್ಲಿಯ ಬಿಳಿ ಕಲೆಯೂ ಹೋಗುತ್ತಿಲ್ಲ. ಅಳತೆ ತಪ್ಪಿದೆಯಾ?

ಉತ್ತರ: ಅಳತೆ ಎಷ್ಟೇ ಸರಿಮಾಡಿದರೂ ಇದು ಕೆಲಸ ಮಾಡುವುದಿಲ್ಲ. ಎರಡನ್ನೂ ಬೆರೆಸಿದ್ದೇ ತೊಂದರೆ. ಬಿಡಿಬಿಡಿಯಾಗಿ ಎರಡೂ ಒಳ್ಳೆಯ ಸಾಮಾನು.

ವಿನೆಗರ್ ಹುಳಿ, ಸೋಡಾ ಕ್ಷಾರ. ಸೇರಿದ ಕೂಡಲೇ ಒಂದರ ಶಕ್ತಿಯನ್ನು ಇನ್ನೊಂದು ತೆಗೆದುಬಿಡುತ್ತದೆ. ಉಕ್ಕುವ ನೊರೆ ಬರೀ ಕಾರ್ಬನ್ ಡೈಆಕ್ಸೈಡ್. ಅದು ಹಾರಿಹೋದ ಮೇಲೆ ಬಾಟಲಿಯಲ್ಲಿ ಉಳಿಯುವುದು ನೀರು, ಜೊತೆಗೆ ಸೋಡಿಯಂ ಅಸಿಟೇಟ್ ಅನ್ನುವ ಉಪ್ಪು. ಅಂದರೆ ನೀವು ಇಷ್ಟು ದಿನ ಹೆಚ್ಚುಕಡಿಮೆ ಉಪ್ಪುನೀರಿನಲ್ಲಿ ಸ್ಟೌವ್ ಒರೆಸಿದ್ದೀರಿ. ಇನ್ನೊಂದು ಮಾತು: ಬೆರೆಸಿದ ತಕ್ಷಣ ಮುಚ್ಚಳ ಬಿಗಿದರೆ ಒಳಗಿನ ಗಾಳಿಗೆ ಬಾಟಲಿ ಸಿಡಿಯಬಹುದು. ಹಾಗೆ ಮಾಡಬೇಡಿ.

ಮೊದಲು ಕೊಳೆ ಯಾವುದು ಅಂತ ನೋಡಿ. ನಲ್ಲಿಯ ಮೇಲಿನ ಬಿಳಿ ಪದರ ಗಡಸು ನೀರು ಬಿಟ್ಟುಹೋದ ಸುಣ್ಣ, ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ಹುಳಿಯೇ ಬೇಕು. ಮನೆಯಲ್ಲಿರುವ ವಿನೆಗರ್‌ನಲ್ಲಿ ಸಾಮಾನ್ಯವಾಗಿ ಶೇ. 4ರಿಂದ 5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ, ಅಷ್ಟು ಸಾಕು. ಒಂದು ಹಳೇ ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ನಲ್ಲಿಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ. ಹತ್ತು ನಿಮಿಷದ ಮೇಲೆ ಬಟ್ಟೆಯ ಅಂಚು ಎತ್ತಿ ನೋಡಿ. ಬಿಳಿ ಪದರದ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತಿರುತ್ತವೆ. ಸುಣ್ಣ ಕರಗುತ್ತಿದೆ ಅಂತ ಅರ್ಥ. ಇಲ್ಲೂ ಗುಳ್ಳೆ ಇದೆಯಲ್ಲ ಅನ್ನಬಹುದು. ಇಲ್ಲಿ ಹುಳಿ ಖರ್ಚಾಗುತ್ತಿರುವುದು ಕಲೆಯ ಮೇಲೆ, ನಿಮ್ಮ ಬಾಟಲಿಯಲ್ಲಿ ಅದು ಸೋಡಾದ ಮೇಲೆ ಖರ್ಚಾಗಿಹೋಗಿತ್ತು. ಅರ್ಧ ಗಂಟೆ ಆದ ಮೇಲೆ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ರಾತ್ರಿಯಿಡೀ ಬಿಟ್ಟರೆ ನಲ್ಲಿಯ ಹೊಳಪಿನ ಲೇಪನ ಮಂಕಾಗಬಹುದು. ವಿನೆಗರ್ ವಾಸನೆ ಆಗದವರು ಅರ್ಧ ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಕರಗಿಸಿಕೊಳ್ಳಬಹುದು.

ಸ್ಟೌವ್ ಜಿಡ್ಡಿನ ಕಥೆಯೇ ಬೇರೆ. ಎಣ್ಣೆಗೆ ಕ್ಷಾರ ಬೇಕು, ಸೋಪು ಬೇಕು. ಸೋಪಿನ ಕಣದ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ಹೀಗೆ ಎಣ್ಣೆ ನೀರಿನ ಜೊತೆ ಹೊರಟುಹೋಗುತ್ತದೆ. ಅಂಟುವಾಳ ನೊರೆ ಬಿಡುವುದೂ ಅದರಲ್ಲಿರುವ ಸಪೋನಿನ್ ಇದೇ ಕೆಲಸ ಮಾಡುವುದರಿಂದ. ನಿನ್ನೆ ಮೊನ್ನೆಯ ಜಿಡ್ಡಾದರೆ ಅಡುಗೆ ಸೋಡಾಕ್ಕೆ ಸ್ವಲ್ಪ ನೀರು ಹಾಕಿ ಪೇಸ್ಟ್ ಮಾಡಿ ಉಜ್ಜಿ. ಹಳೇ ಜಿಡ್ಡಿಗೆ ಅದು ಸಾಲದು. ಆಗ ಅರ್ಧ ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಹೆಸರಿನಲ್ಲಿ ಎರಡೂ ಸೋಡಾನೇ, ಗುಣದಲ್ಲಿ ಅಲ್ಲ. ಹುಳಿ ಎಷ್ಟು, ಕ್ಷಾರ ಎಷ್ಟು ಅಂತ ಹೇಳುವ ಅಳತೆ ಪಿಎಚ್, ಅಂಕಿ ಏರಿದಷ್ಟೂ ಕ್ಷಾರ ಜಾಸ್ತಿ. ಅಡುಗೆ ಸೋಡಾ ನೀರಿನ ಪಿಎಚ್ 8ರ ಆಸುಪಾಸು, ವಾಷಿಂಗ್ ಸೋಡಾದ್ದು 11ರ ಹತ್ತಿರ. ಪಿಎಚ್‌ನಲ್ಲಿ ಒಂದು ಅಂಕಿ ಅಂದರೆ 10 ಪಟ್ಟು ವ್ಯತ್ಯಾಸ. ಹಾಗಾಗಿ ಕೈಗೆ ಗ್ಲೌಸ್ ಇರಲಿ. ಅಲ್ಯೂಮಿನಿಯಂ ಪಾತ್ರೆಗೆ ಇದನ್ನು ಮುಟ್ಟಿಸಬೇಡಿ, ಕಪ್ಪಾಗುತ್ತದೆ.

ಮಗುವಿನ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಚಿಂತೆ ಅದೇ. ಮನೆಯಲ್ಲೇ ಮಾಡಿದ್ದು ಅಂದ ಮಾತ್ರಕ್ಕೆ ಬಾಯಿಗೆ ಹೋದರೆ ಪರವಾಗಿಲ್ಲ ಅಂತಲ್ಲ. ವಾಷಿಂಗ್ ಸೋಡಾ ಪುಟ್ಟ ಬಾಯನ್ನು ಸುಟ್ಟುಬಿಡಬಹುದು. ಕುಡಿಯುವ ನೀರಿನ ಅಥವಾ ಜ್ಯೂಸಿನ ಹಳೇ ಬಾಟಲಿಗೆ ಇವನ್ನು ಯಾವತ್ತೂ ತುಂಬಬೇಡಿ. ಒಳಗೇನಿದೆ, ಯಾವತ್ತು ಮಾಡಿದ್ದು ಅಂತ ಚೀಟಿ ಅಂಟಿಸಿ ಮೇಲಿನ ಕಪಾಟಿನಲ್ಲಿಡಿ. ಮಗು ಓಡಾಡುವ ನೆಲಕ್ಕೆ ದಿನಾ ಒಂದು ಬಕೆಟ್ ನೀರಿಗೆ ಕೆಲವು ಹನಿ ಸೋಪು ಸಾಕು. ಆಮೇಲೆ ಬರೀ ನೀರಿನಲ್ಲಿ ಒಮ್ಮೆ ಒರೆಸಿ.

ಪ್ರಶ್ನೆ: ನಮ್ಮದು ಮಾರ್ಬಲ್ ನೆಲ. ವಿನೆಗರ್ ನೀರಿನಲ್ಲಿ ಒರೆಸಬಹುದಾ?

ಉತ್ತರ: ಬೇಡ. ಮಾರ್ಬಲ್ ಅಂದರೆ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ನಲ್ಲಿಯ ಕಲೆಯನ್ನು ಕರಗಿಸುವ ಹುಳಿ ನಿಮ್ಮ ನೆಲವನ್ನೂ ಕರಗಿಸುತ್ತದೆ. ನಮ್ಮ ಮನೆಯ ಮಾರ್ಬಲ್ ಕಟ್ಟೆಯ ಮೇಲೆ ಒಂದು ರಾತ್ರಿ ನಿಂಬೆಹೋಳು ಮಗುಚಿ ಬಿದ್ದಿತ್ತು. ಬೆಳಿಗ್ಗೆ ಎತ್ತಿದರೆ ಅದೇ ಅಳತೆಯ ಮಸುಕು ವೃತ್ತ. ಬೆರಳಾಡಿಸಿದರೆ ಅಲ್ಲಿ ಮಾತ್ರ ತರಿತರಿ. ಅದು ಕಲೆಯಲ್ಲ, ಕಲ್ಲೇ ಸವೆದಿದೆ. ಪಾಲಿಶ್ ಮಾಡಿಸದೆ ಹೋಗುವುದಿಲ್ಲ. ಸೋಪು ನೀರೇ ನಿಮ್ಮ ನೆಲಕ್ಕೆ ಸರಿ.

ಪ್ರಶ್ನೆ: ಬಾತ್‌ರೂಮಿಗೆ ಬ್ಲೀಚ್ ಹಾಕಿ, ಮೇಲೆ ವಿನೆಗರ್ ಸಿಂಪಡಿಸಿದರೆ ಜಾಸ್ತಿ ಕ್ಲೀನ್ ಆಗುತ್ತದೆ ಅಂತಾರೆ. ನಿಜಾನಾ?

ಉತ್ತರ: ದಯವಿಟ್ಟು ಇದನ್ನು ಮಾಡಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟಿದ್ದು ಇದೇ ಅನಿಲ. ಕಿಟಕಿ ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಸ್ವಲ್ಪವೇ ಸಾಕು, ಕಣ್ಣು ಉರಿಯುತ್ತದೆ, ಎದೆ ಹಿಡಿದುಕೊಳ್ಳುತ್ತದೆ. ನಿಂಬೆರಸ, ಸಿಟ್ರಿಕ್ ಆಸಿಡ್, ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್, ಇವಕ್ಕೂ ಇದೇ ಮಾತು. ಅಮೋನಿಯಾ ಇರುವ ಕ್ಲೀನರ್ ಜೊತೆ ಬ್ಲೀಚ್ ಸೇರಿದರೆ ಬೇರೆ ಥರದ ವಿಷಗಾಳಿ. ಗೊತ್ತಿಲ್ಲದೆ ಬೆರೆತುಹೋದರೆ ಅಲ್ಲೇ ನಿಂತು ತೊಳೆಯಲು ಹೋಗಬೇಡಿ. ತಕ್ಷಣ ಹೊರಗೆ ಬನ್ನಿ. ಕೆಮ್ಮು, ಉಸಿರಿನ ತೊಂದರೆ ಇದ್ದರೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಹಣ್ಣಿನ ಸಿಪ್ಪೆಯಿಂದ ಬಯೋ ಎಂಜೈಮ್ ಮಾಡುತ್ತಿದ್ದೇನೆ. ಇದು ಕ್ರಿಮಿಗಳನ್ನೂ ಕೊಲ್ಲುತ್ತದಾ?

ಉತ್ತರ: ಬೆಲ್ಲ 1, ಸಿಪ್ಪೆ 3, ನೀರು 10ರ ಅಳತೆಯಲ್ಲಿ ಮೂರು ತಿಂಗಳು ಇಡುತ್ತೀರಿ ಅಲ್ವಾ? ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ ಡಬ್ಬಿ ಇರಲಿ, ಕಾಲು ಭಾಗ ಖಾಲಿ ಬಿಡಿ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಿ. ಹುದುಗಿ ಬರುವ ದ್ರವ ಹುಳಿಯಾಗಿರುತ್ತದೆ. ಆದ್ದರಿಂದ ಮಾರ್ಬಲ್‌ಗೆ ಬೇಡ, ಬ್ಲೀಚ್ ಹತ್ತಿರ ಬೇಡ. ಟೈಲ್ಸ್ ನೆಲ, ಸಿಂಕ್ ಇಂಥವಕ್ಕೆ ಧಾರಾಳವಾಗಿ ಬಳಸಿ.

ಆದರೆ ಕ್ರಿಮಿನಾಶಕ ಅಂತ ಇದನ್ನೂ ನಂಬಬೇಡಿ, ವಿನೆಗರನ್ನೂ ನಂಬಬೇಡಿ. ದಿನನಿತ್ಯದ ನೆಲಕ್ಕೆ ಕ್ರಿಮಿನಾಶಕದ ಅಗತ್ಯವೇ ಇರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆದಾಗ ಮಾತ್ರ ಬೇಕು. ಆ ದಿನ ಬಯೋ ಎಂಜೈಮ್ ಡಬ್ಬಿಯನ್ನು ಬಾತ್‌ರೂಮಿನಿಂದ ಆಚೆ ಇಡಿ. ಮೊದಲು ಸೋಪಿನಿಂದ ತೊಳೆದು, ಬರೀ ನೀರು ಸುರಿದು, ಕಿಟಕಿ ತೆಗೆದು, ಆಮೇಲೆ ಬಾಟಲಿಯ ಮೇಲೆ ಬರೆದ ಅಳತೆಯಲ್ಲೇ ಬ್ಲೀಚ್ ಹಾಕಿ. ಅಲ್ಲಿ ಹೇಳಿರುವಷ್ಟು ಹೊತ್ತು ಬಿಟ್ಟು ತೊಳೆಯಿರಿ.