ಚೀಟಿಯಲ್ಲಿ ‘ಆರ್4’ ಎಂದಿರುವ ರೋಮನ್ ನಾಣ್ಯ ನಿಜಕ್ಕೂ ಅಪರೂಪವೇ?

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಾಲದ ಕಂಚಿನ ನಾಣ್ಯ ಕೊಂಡಿದ್ದೀರಿ, ಚೀಟಿಯಲ್ಲಿ ‘ಆರ್4’ ಎಂದಿದ್ದ ಕಾರಣಕ್ಕೆ ಹೆಚ್ಚು ಹಣ ತೆತ್ತಿದ್ದೀರಿ, ಅದು ನಿಜಕ್ಕೂ ಅಪರೂಪವೇ ಎಂದು ಕೇಳಿದ್ದೀರಿ. ಹಿಂಬದಿಯಲ್ಲಿ ಇಬ್ಬರು ಸೈನಿಕರು, ನಡುವೆ ಎರಡು ಧ್ವಜಗಳು ಎಂಬ ನಿಮ್ಮ ವಿವರಣೆ ನೋಡಿದರೆ, ಅಲ್ಲ. ಚೀಟಿ ಸುಳ್ಳಾಗಿರಬೇಕಿಲ್ಲ. ಆ ಅಂಕಿಯ ಅರ್ಥವೇ ಬೇರೆ.

ಆ ಗುರುತು ಬಂದಿರುವುದು ‘ರೋಮನ್ ಇಂಪೀರಿಯಲ್ ಕಾಯಿನೇಜ್’ ಎಂಬ ನಾಣ್ಯಸೂಚಿಯ ಏಳನೇ ಸಂಪುಟದಿಂದ. ಅಚ್ಚಾದದ್ದು 1966ರಲ್ಲಿ. ಅದರಲ್ಲಿ ‘ಆರ್4’ ಎಂದರೆ, ಸಂಪುಟ ಸಿದ್ಧಪಡಿಸಿದವರು ಪರಿಶೀಲಿಸಿದ ಸಂಗ್ರಹಗಳಲ್ಲಿ ಅಂಥವು ಎರಡೋ ಮೂರೋ ಸಿಕ್ಕಿದ್ದವು ಎಂದಷ್ಟೆ. ಜಗತ್ತಿನಲ್ಲಿ ಉಳಿದಿರುವುದು ಇಷ್ಟೇ ಎಂದಲ್ಲ. ಆಮೇಲೆ ಮಣ್ಣಿನಿಂದ ಎದ್ದು ಬಂದದ್ದಕ್ಕೆ ಲೆಕ್ಕವಿಲ್ಲ. 2013ರಲ್ಲಿ ಇಂಗ್ಲೆಂಡಿನ ಸೀಟನ್ ಡೌನ್‌ನಲ್ಲಿ ಒಂದೇ ಗುಂಡಿಯಲ್ಲಿ 22,888 ನಾಣ್ಯಗಳು ಸಿಕ್ಕವು, ಬಹುಪಾಲು ಕಾನ್‌ಸ್ಟಂಟೈನ್ ಮತ್ತು ಅವನ ಮಕ್ಕಳ ಕಾಲದವು.

ಇನ್ನೊಂದು ವಿಷಯ. ನಿಮ್ಮ ನಾಣ್ಯದಲ್ಲಿ ಸೈನಿಕರ ಪಾದದ ಕೆಳಗೆ, ಗೆರೆಯ ಆಚೆ, ಪುಟ್ಟ ಅಕ್ಷರಗಳಿವೆ. ನನ್ನದರಲ್ಲಿ ‘ಎಸ್‌ಐಎಸ್’ ಇದೆ, ಅಂದರೆ ಈಗಿನ ಕ್ರೊಯೇಷಿಯಾದಲ್ಲಿರುವ ಸಿಸ್ಕಿಯಾ ಟಂಕಸಾಲೆ. ಅದಕ್ಕೆ ಮೊದಲು ಗ್ರೀಕರ ಗ್ಯಾಮಾ ಅಕ್ಷರ, ಅದು ಆ ಟಂಕಸಾಲೆಯ ಮೂರನೇ ಕಾರ್ಯಾಗಾರದ ಗುರುತು. ಇಂಥ ಗುರುತುಗಳು ಬದಲಾದಂತೆ ಅಪರೂಪದ ಅಂಕಿಯೂ ಬದಲಾಗುತ್ತದೆ. ಅದೇ ಚಿತ್ರ, ಅದೇ ತೂಕ, ಒಂದು ಚುಕ್ಕೆಯೋ ಅಕ್ಷರವೋ ಬೇರೆ. ಆ ಒಂದು ಅಕ್ಷರಕ್ಕಾಗಿ ಬೆಲೆ ತೆರುವವರು ಬೆರಳೆಣಿಕೆಯಷ್ಟು ಮಂದಿ.

ನಿಜವಾದ ಅಪರೂಪ ಹೇಗಿರುತ್ತದೆ ಎಂಬುದಕ್ಕೆ ನನಗೆ ಬಲು ಇಷ್ಟವಾದ ಉದಾಹರಣೆ ಡೊಮಿಷಿಯಾನಸ್‌ನದು. ಸುಮಾರು ಕ್ರಿ.ಶ. 271ರಲ್ಲಿ ಗಾಲ್ ಪ್ರಾಂತ್ಯದಲ್ಲಿ (ಈಗಿನ ಫ್ರಾನ್ಸ್ ಕಡೆ) ಅಲ್ಪಕಾಲ ಚಕ್ರವರ್ತಿ ಎನಿಸಿಕೊಂಡವನು. 1900ರಲ್ಲಿ ಫ್ರಾನ್ಸ್‌ನಲ್ಲಿ ಅವನ ಹೆಸರಿನ ಒಂದು ನಾಣ್ಯ ಸಿಕ್ಕಾಗ ನಕಲಿಯೆಂದು ತಳ್ಳಿಹಾಕಿದರು. 2003ರಲ್ಲಿ ಆಕ್ಸ್‌ಫರ್ಡ್ ಬಳಿಯ ಚಾಲ್‌ಗ್ರೋವ್‌ನಲ್ಲಿ ಗಡಿಗೆ ತುಂಬ ನಾಣ್ಯ ಸಿಕ್ಕಿತು. ಒಂದಕ್ಕೊಂದು ಅಂಟಿಕೊಂಡಿದ್ದ ಅವನ್ನು ಬಿಡಿಸುತ್ತ ಹೋದಾಗ ಎರಡನೆಯದು ಹೊರಬಿತ್ತು, ಅದೇ ಅಚ್ಚಿನಲ್ಲಿ ಒತ್ತಿದ್ದು! ಮೊದಲನೆಯದೂ ಅಸಲಿ ಎಂದು ಗೊತ್ತಾಗಲು ನೂರು ವರ್ಷ ಬೇಕಾಯಿತು.

ಬೆಲೆಯ ದಾರಿಯೇ ಬೇರೆ. ಚಕ್ರವರ್ತಿ ಟಿಬೇರಿಯಸ್‌ನ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯ ಅಪರೂಪವೇನಲ್ಲ. ನಮ್ಮ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕ 163 ಬೆಳ್ಳಿ ನಾಣ್ಯಗಳಲ್ಲೂ ಅವನವು ಇದ್ದವು. ಆದರೂ ದುಬಾರಿ, ಏಕೆಂದರೆ ಬೈಬಲ್ಲಿನಲ್ಲಿ ಯೇಸುವಿಗೆ ತೋರಿಸಿದ ತೆರಿಗೆಯ ನಾಣ್ಯ ಇದೇ ಎಂದು ನಂಬಿ ಕೊಳ್ಳುವವರು ಬಹಳ.

ನಾನಂತೂ ಕೊಳ್ಳುವ ಮೊದಲು ಹರಾಜು ಸಂಸ್ಥೆಗಳ ಹಳೆಯ ದಾಖಲೆಗಳಲ್ಲಿ ಅದೇ ಚಿತ್ರ, ಅದೇ ಟಂಕಸಾಲೆಯ ನಾಣ್ಯ ಹತ್ತು ವರ್ಷಗಳಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತೇನೆ. ಒಂದೇ ನಾಣ್ಯ ಎರಡು ಸಲ ಮಾರಾಟವಾಗಿರಬಹುದು, ಹಾಗಾಗಿ ಅಂಚಿನ ಬಿರುಕು, ಗೀರುಗಳನ್ನು ಫೋಟೊದಲ್ಲಿ ಹೋಲಿಸಿ ನೋಡಬೇಕು. ಬೇಸರದ ಕೆಲಸ ಎನಿಸಬಹುದು, ನನಗೆ ಮಾತ್ರ ಭೂತಗನ್ನಡಿ ಹಿಡಿದು ಕಳೆಯುವ ಆ ಸಂಜೆಗಳೇ ಈ ಹವ್ಯಾಸದ ಸುಖ.

ನಿಮ್ಮ ನಾಣ್ಯವನ್ನು ಕಿಟಕಿಯ ಓರೆ ಬೆಳಕಿನಲ್ಲಿಟ್ಟು, ಕೆಳಗಿನ ಅಕ್ಷರಗಳ ಫೋಟೊ ತೆಗೆದು ಹಾಕಿ, ಓದಿ ಹೇಳುತ್ತೇನೆ. ಅಕ್ಷರ ಕಾಣುತ್ತಿಲ್ಲವೆಂದು ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ.