ಓದುಗರ ಪ್ರಶ್ನೆ: ಹಳೇ ಅಲ್ಯೂಮಿನಿಯಂ ದೋಣಿಗೆ ಹೊಸ ನೆಲಹಲಗೆ

ಪ್ರಶ್ನೆ: ಶರಾವತಿ ಹಿನ್ನೀರಿನಲ್ಲಿ ಗಾಳ ಹಾಕಲು 14 ಅಡಿಯ ಹಳೇ ಅಲ್ಯೂಮಿನಿಯಂ ದೋಣಿ ಕೊಂಡಿದ್ದೇವೆ. ಕಾರ್ಪೆಟ್ ಕೊಳೆತು ನಾರುತ್ತಿದೆ, ಅಡಿಯ ಪ್ಲೈವುಡ್ ಕಾಲಿಟ್ಟಲ್ಲೆಲ್ಲ ಕುಸಿಯುತ್ತದೆ. ಹೊಸ ಪ್ಲೈವುಡ್‌ಗೆ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಹೊಡೆದು ಕೂರಿಸಿದರೆ ಕೊಳೆಯುವುದಿಲ್ಲ ಎನ್ನುತ್ತಾರೆ ಬಡಗಿ. ಸರಿಯೇ?
— ಹೊಸನಗರ

ಉತ್ತರ: ಕೊಟ್ಟಿಗೆಯ ಮರಕ್ಕಾದರೆ ಸರಿ, ಈ ದೋಣಿಗೆ ಬೇಡವೇ ಬೇಡ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸಿದಾಗ ಕತ್ತಿ ಅದ್ದಿ ನೋಡುತ್ತೀರಲ್ಲ? ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಆ ತಾಮ್ರ ಕೂತಷ್ಟೂ ಕಬ್ಬಿಣ ಕರಗಿರುತ್ತದೆ. ತಾಮ್ರದೆದುರು ಅಲ್ಯೂಮಿನಿಯಂ ಕಬ್ಬಿಣಕ್ಕಿಂತಲೂ ಬಡಪಾಯಿ. ಒದ್ದೆ ಹಲಗೆಯಿಂದ ಜಿನುಗುವ ತಾಮ್ರ ದೋಣಿಯ ತಗಡಿನ ಮೇಲೆ ಕೂತಲ್ಲಿ ಮೊದಲು ಬಿಳಿ ಹಿಟ್ಟು ಕಾಣುತ್ತದೆ, ಆಮೇಲೆ ಸೂಜಿಮೊನೆಯಷ್ಟು ತೂತು. ಹಿತ್ತಾಳೆ ಸ್ಕ್ರೂಗಳೂ ಇದೇ ಕಾರಣಕ್ಕೆ ನಿಷಿದ್ಧ. ಸುಣ್ಣ, ಕಾಸ್ಟಿಕ್ ಸೋಡಾ ಕೂಡ ಅಲ್ಯೂಮಿನಿಯಂ ತಿನ್ನುತ್ತವೆ, ತೊಳೆಯುವಾಗ ನೆನಪಿರಲಿ. ತೋಟಕ್ಕೆ ಮೈಲುತುತ್ತದ ಚೀಲ ಸಾಗಿಸಲೂ ಈ ದೋಣಿ ಬಳಸಬೇಡಿ.

ಪ್ಲೈವುಡ್‌ನ ಮೇಲೆ ಐಎಸ್ 710 (ಮೆರೈನ್ ಪ್ಲೈವುಡ್‌ನ ಭಾರತೀಯ ಮಾನದಂಡ) ಮುದ್ರೆ ಇರಲಿ. ಐಎಸ್ 303 ಮನೆಯೊಳಗಿನ ಕಪಾಟಿಗೆ. ಆದರೆ 710 ಹಲಗೆಗೂ ಕಾರ್ಖಾನೆಯಲ್ಲೇ ಮರ ಕೆಡದಂತೆ ಔಷಧಿ ಉಣಿಸಿರುತ್ತಾರೆ, ಅದರಲ್ಲೂ ತಾಮ್ರ ಇರಬಹುದು. ಹಾಗಾಗಿ ಯಾವ ಹಲಗೆಯೂ ತಗಡಿಗೆ ನೇರವಾಗಿ ತಾಗದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ.

ಹಳೇ ಹಲಗೆಯನ್ನು ಒಡೆಯದೆ ತೆಗೆಯಿರಿ, ಅದೇ ನಿಮ್ಮ ಅಳತೆ. ಪುಡಿಯಾಗಿದ್ದರೆ ರಟ್ಟಿನಲ್ಲಿ ಅಚ್ಚು ಕತ್ತರಿಸಿ. ಕಾರ್ಪೆಟ್ ಅಂಚಿನಲ್ಲಿ ಮಡಚಿ ಹಲಗೆಯ ಕೆಳಗೆ 5 ಸೆಂಟಿಮೀಟರ್ ಹೋಗಬೇಕು. ಮಡಿಕೆಯ ದಪ್ಪಕ್ಕೆ ಪ್ರತಿ ಬದಿಯಲ್ಲಿ 5 ಮಿಲಿಮೀಟರ್, ನೀರು ಇಳಿಯಲು ಇನ್ನೊಂದು 5 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಇದನ್ನು ಮರೆತವರು ಕೊನೆಗೆ ಹಲಗೆಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ, ಮುಂದಿನ ಸಲ ಅದು ಮೇಲೇಳುವುದಿಲ್ಲ. ಹಲಗೆ ಹೊರುವ ಅಡ್ಡಪಟ್ಟಿಗಳ ನಡುವೆ 40 ಸೆಂಟಿಮೀಟರ್ ಒಳಗಿದ್ದರೆ 12 ಮಿಲಿಮೀಟರ್ ಪ್ಲೈವುಡ್ ಸಾಕು. ಅಂತರ ಹೆಚ್ಚಿದ್ದರೆ ನಡುವೆ ಅಲ್ಯೂಮಿನಿಯಂ ಆಂಗಲ್ ಕೊಡಿ. 18 ಮಿಲಿಮೀಟರ್ ಹಾಕುವುದು ಸುಲಭ, ಆದರೆ 8×4 ಅಡಿಯ 12 ಮಿಲಿಮೀಟರ್ ಹಾಳೆಯೇ ಸುಮಾರು 25 ಕೆಜಿ ತೂಗುತ್ತದೆ. ಆ ಭಾರ ಹೊರುವುದು ದೋಣಿ.

ಸ್ಕ್ರೂ ತೂತುಗಳನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ (ಗಟ್ಟಿಕಾರಕ ಬೆರೆಸಿ ಬಳಸುವ ರಾಳ) ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿ ಅಳತೆಗೆ ಮತ್ತೆ ಕೊರೆಯಿರಿ. ಹಲಗೆ ಕೊಳೆಯುವುದು ಯಾವಾಗಲೂ ತೂತು ಮತ್ತು ಅಂಚಿನಿಂದಲೇ. ಎರಡೂ ಮುಖಕ್ಕೆ ಮೂರು ಕೋಟ್ ಎಪಾಕ್ಸಿ, ಅಂಚಿಗೆ ಕುಡಿಯುವುದು ನಿಲ್ಲಿಸುವವರೆಗೆ. ಎರಡು ಹಾಳೆಗೆ 4ರಿಂದ 5 ಕೆಜಿ ಬೇಕಾಗುತ್ತದೆ. ಅಡಿಕೆ ಕೊಯ್ಲು ಮುಗಿದ ಮೇಲೆ, ಫೆಬ್ರುವರಿ ಮಾರ್ಚ್‌ನಲ್ಲಿ, ಮಾಡಿನ ಕೆಳಗೆ ಹಚ್ಚಿ. ಬಿಸಿಲೇರುವ ಹೊತ್ತಿನಲ್ಲಿ ಹಚ್ಚಿದರೆ ಮರದೊಳಗಿನ ಗಾಳಿ ಉಬ್ಬಿ ಗುಳ್ಳೆ ಏಳುತ್ತದೆ. ಇಬ್ಬನಿಗೆ ಸಿಕ್ಕಿದರೆ ಮೇಲೆ ಅಂಟಂಟು ಪದರ ಕಟ್ಟಿ ಮುಂದಿನ ಕೋಟ್ ಹಿಡಿಯುವುದಿಲ್ಲ.

ಅಡ್ಡಪಟ್ಟಿಯ ಮೇಲೆ ತೆಳು ರಬ್ಬರ್ ಪಟ್ಟಿ ಅಂಟಿಸಿ ಹಲಗೆ ಇಡಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ, ನೈಲಾನ್ ವಾಶರ್ ಸಹಿತ, 20–25 ಸೆಂಟಿಮೀಟರ್‌ಗೊಂದು. ಸ್ಕ್ರೂ ಪಟ್ಟಿ ದಾಟಿ ಕೆಳಗಿನ ತಗಡಿಗೆ ಮುಟ್ಟಬಾರದು. ಉದ್ದ ಅಳೆಯದೆ ತಿರುಗಿಸಿ ದೋಣಿಯ ತಳಕ್ಕೇ ತೂತು ಹಾಕುವುದು ಈ ಕೆಲಸದಲ್ಲಿ ಸಾಮಾನ್ಯ ಅನಾಹುತ.

ಪ್ರಶ್ನೆ: ಹಲಗೆ ತೆಗೆದಾಗ ಅಡಿಯಲ್ಲಿ ಹಳದಿ ಫೋಮ್ ಸಿಕ್ಕಿತು, ಹಿಂಡಿದರೆ ನೀರು ಬರುತ್ತದೆ. ಕಿತ್ತೆಸೆದು ಹಾಗೇ ಮುಚ್ಚಬಹುದೇ?
— ಸಾಗರ

ಉತ್ತರ: ಕಿತ್ತೆಸೆಯಿರಿ, ಹಾಗೇ ಮುಚ್ಚಬೇಡಿ. ದೋಣಿಗೆ ನೀರು ತುಂಬಿದಾಗ ಮುಳುಗದಂತೆ ಹಿಡಿಯುವುದು ಅದೇ ಫೋಮ್: ಒಣಗಿದ್ದಾಗ ಒಂದು ಘನ ಅಡಿಗೆ 27 ಕೆಜಿಯಷ್ಟು ಎತ್ತುತ್ತದೆ, ನೀರು ಕುಡಿದಾಗ ಹೆಚ್ಚುಕಡಿಮೆ ಅಷ್ಟೇ ತೂಕವಾಗಿ ಕೂರುತ್ತದೆ. ತೆಗೆದಷ್ಟೇ ಪ್ರಮಾಣದಲ್ಲಿ ಎಕ್ಸ್‌ಪಿಎಸ್ (ಒತ್ತಾದ ಪಾಲಿಸ್ಟೈರೀನ್ ಫೋಮ್) ಹಲಗೆ ಕತ್ತರಿಸಿ ತುಂಬಿ. ಬಿಳಿ ಥರ್ಮೋಕೋಲ್ ಮಣಿಗಳ ನಡುವೆ ನೀರು ಹಿಡಿಯುತ್ತದೆ. ಪೆಟ್ರೋಲ್ ತಾಗಿದರೆ ಎರಡೂ ಕರಗುತ್ತವೆ, ಆದ್ದರಿಂದ ಎಂಜಿನ್ನಿನ ಟ್ಯಾಂಕ್ ಬಳಿ ಇಡಬೇಡಿ. ತಳದ ನಡುಗೆರೆಯಲ್ಲಿ ನೀರು ಹಿಂದಿನ ಬಿರಡೆಯವರೆಗೆ ಹರಿಯುವ ದಾರಿ ಖಾಲಿ ಇರಲಿ. ಮೊದಲ ಫೋಮ್ ನೀರು ಕುಡಿಯಲು ಆ ದಾರಿ ಕಟ್ಟಿದ್ದೇ ಕಾರಣವಿರಬಹುದು.

ಪ್ರಶ್ನೆ: ಪ್ಲೈವುಡ್ ಬದಲು ಅಡಿಕೆ ದಬ್ಬೆ ಹಾಸಿದರೆ?
— ತೀರ್ಥಹಳ್ಳಿ

ಉತ್ತರ: ಖರ್ಚಿಲ್ಲದ ಯೋಚನೆ, ತೆಗೆದಿಡುವ ಜಾಲರಿಯಾಗಿ ಮಾತ್ರ. ಬಲಿತ ಮರದ ಹೊರಮೈ ದಬ್ಬೆಯಿಂದ ಒಳಗಿನ ಮೆದು ತಿರುಳು ಪೂರ್ತಿ ಕೆತ್ತಿ, ಬೆರಳಗಲ ಬಿಟ್ಟು ನೈಲಾನ್ ಹಗ್ಗದಲ್ಲಿ ಹೆಣೆಯಿರಿ. ಮನೆಗೆ ಬಂದ ಮೇಲೆ ಎತ್ತಿ ಗೋಡೆಗೆ ಒರಗಿಸಬೇಕು. ಸ್ಕ್ರೂ ಹಾಕಿ ಕಾಯಂ ಮಾಡಿದರೆ ಒಂದೇ ಮಳೆಗಾಲ. ನಿಂತು ಗಾಳ ಬೀಸುವ ಮುಂದಿನ ಡೆಕ್‌ಗೆ ದಬ್ಬೆ ಬೇಡ, ಒದ್ದೆಯಾದರೆ ಜಾರುತ್ತದೆ.

ಪ್ರಶ್ನೆ: ಕಾರ್ಪೆಟ್ ಯಾವುದು, ಅಂಟು ಯಾವುದು?
— ಶಿವಮೊಗ್ಗ

ಉತ್ತರ: ದೋಣಿ ಮಾಡಿನೊಳಗೆ ಇರುತ್ತದೆಯೋ, ಹೊಳೆದಂಡೆಯಲ್ಲೋ? ದಂಡೆಯಲ್ಲಾದರೆ ಕಾರ್ಪೆಟ್ ಆಸೆ ಬಿಡಿ. ಆಗುಂಬೆ, ಹುಲಿಕಲ್ ಸೀಮೆಯ ಮಳೆಯಲ್ಲಿ ಅದು ಜೂನ್‌ನಲ್ಲಿ ನೆನೆದರೆ ಸೆಪ್ಟೆಂಬರ್‌ವರೆಗೆ ಒಣಗುವುದಿಲ್ಲ. ಎಪಾಕ್ಸಿಯ ಮೇಲೆ ಎರಡು ಡಬ್ಬಿಯದನ್ನು ಕಲಸಿ ಬಳಸುವ ಪಾಲಿಯುರೆಥೇನ್ ಬಣ್ಣ ಹಚ್ಚಿ, ಹಸಿ ಇರುವಾಗಲೇ ಒಣ ಸಣ್ಣ ಮರಳು ಉದುರಿಸಿ, ಒಣಗಿದ ಮೇಲೆ ಗುಡಿಸಿ ಇನ್ನೊಂದು ಕೋಟ್ ಕೊಡಿ. ಬಣ್ಣವಿಲ್ಲದ ಬರೀ ಎಪಾಕ್ಸಿ ಬಿಸಿಲಿಗೆ ಹಾಳಾಗುತ್ತದೆ.

ಮಾಡಿನೊಳಗೆ ಇಡುವುದಾದರೆ ಪಾಲಿಪ್ರೊಪಿಲೀನ್ ಕಾರ್ಪೆಟ್, ಕತ್ತರಿಸಿದ ನೂಲಿನದು. ಕುಣಿಕೆ ನೂಲಿನದಾದರೆ ಗಾಳದ ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ಮಾಮೂಲಿ ಬಿಳಿ ಮರದಂಟು ನೀರಿಗೆ ಬಿಡುತ್ತದೆ, ಕಾಂಟ್ಯಾಕ್ಟ್ ಅಂಟು ಬೇಕು. 5 ಚದರ ಮೀಟರ್‌ಗೆ ಎರಡರಿಂದ ಎರಡೂವರೆ ಲೀಟರ್. ಹಲಗೆಗೂ ಕಾರ್ಪೆಟ್‌ಗೂ ಹಚ್ಚಿ, 10–15 ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒಂದು ತುದಿಯಿಂದ ಲಟ್ಟಣಿಗೆ ಉರುಳಿಸುತ್ತ ಕೂರಿಸಿ. ಒಮ್ಮೆ ತಾಗಿದ ಮೇಲೆ ಸರಿಸಲಾಗದು. ಹತ್ತಿರ ಬೀಡಿ ಹಚ್ಚುವವರನ್ನು ದೂರ ಕಳಿಸಿ.

ಪ್ರಶ್ನೆ: ಹೊಸ ಡೆಕ್ ಹಾಕಿದ ಮೇಲೂ ತಳದಲ್ಲಿ ನೀರು ನಿಲ್ಲುತ್ತಿದೆ.
— ಸಾಗರ

ಉತ್ತರ: ಡೆಕ್ ಹಾಕುವ ಮೊದಲೇ ಮಾಡಬೇಕಿದ್ದ ಪರೀಕ್ಷೆ ಇದು, ಈಗ ಹಲಗೆ ಬಿಚ್ಚಲೇಬೇಕು. ದೋಣಿಯನ್ನು ಟ್ರೇಲರ್ ಮೇಲೆ ಸಮನಾಗಿ ನಿಲ್ಲಿಸಿ, ಒಳಗೆ 8–10 ಸೆಂಟಿಮೀಟರ್ ಮಾತ್ರ ನೀರು ಬಿಟ್ಟು, ಹೊರಗಿನಿಂದ ಹನಿಯುವ ರಿವೆಟ್‌ಗೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಹೆಚ್ಚು ತುಂಬಿದರೆ ಭಾರಕ್ಕೆ ತಳವೇ ಬಾಗುತ್ತದೆ. ಸಡಿಲವಾದ ರಿವೆಟ್‌ನ ತಲೆಗೆ ಹೊರಗಿನಿಂದ ಒಬ್ಬರು ಭಾರದ ಕಬ್ಬಿಣ ಒತ್ತಿ ಹಿಡಿದು, ಒಳಗಿನಿಂದ ಇನ್ನೊಬ್ಬರು ಹಗುರವಾಗಿ ಬಡಿದರೆ ಹಲವು ಅಲ್ಲೇ ಬಿಗಿಯುತ್ತವೆ. ಬಿಗಿಯದವನ್ನು ಕೊರೆದು ತೆಗೆದು, ತುದಿ ಮುಚ್ಚಿದ ಅಲ್ಯೂಮಿನಿಯಂ ರಿವೆಟ್‌ಗೆ ಪಾಲಿಯುರೆಥೇನ್ ಸೀಲಂಟ್ ಬಳಿದು ಹಾಕಿ. ಮಾಮೂಲಿ ಪಾಪ್ ರಿವೆಟ್‌ನ ನಡುವೆ ತೂತಿರುತ್ತದೆ, ನೀರು ಅಲ್ಲಿಂದಲೇ ಬರುತ್ತದೆ.