ಅಪ್ಪಣೆ ಕೇಳದೆ ಹಾಡಿದವರು, ಪ್ರೆಸ್ ಇಲ್ಲದೆ ಪುಸ್ತಕ ತಂದವರು

ಪ್ರಶ್ನೆ: ಕಮ್ಯುನಿಸ್ಟ್ ಆಡಳಿತದ ಚೆಕೊಸ್ಲೊವಾಕಿಯಾದಲ್ಲಿ ಒಂದು ರಾಕ್ ಬ್ಯಾಂಡಿನವರನ್ನು ಜೈಲಿಗೆ ಹಾಕಿದ್ದರಂತೆ. ಅವರು ರಾಜಕೀಯದ ಹಾಡು ಹಾಡುತ್ತಲೇ ಇರಲಿಲ್ಲ ಎಂದೂ ಓದಿದೆ. ಮತ್ತೆ ಸರಕಾರಕ್ಕೆ ಭಯ ಯಾಕೆ? ಪ್ರೆಸ್ಸುಗಳೆಲ್ಲ ಸರಕಾರದ ಕೈಯಲ್ಲಿದ್ದಾಗ ನಿಷೇಧಿತ ಪುಸ್ತಕಗಳು ಜನರಿಗೆ ಹೇಗೆ ಸಿಗುತ್ತಿದ್ದವು? ಅವು ಈಗಲೂ ನೋಡಲು ಸಿಗುತ್ತವೆಯೇ?
– ಓದುಗರು, ಶಿವಮೊಗ್ಗ

ಉತ್ತರ: ನೀವು ಓದಿದ್ದು ನಿಜ. ಆ ಬ್ಯಾಂಡಿನ ಹೆಸರು ಪ್ಲಾಸ್ಟಿಕ್ ಪೀಪಲ್ ಆಫ್ ದ ಯೂನಿವರ್ಸ್. 1968ರ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಅದಾದ ಕೆಲವೇ ವಾರಗಳಲ್ಲಿ ಮಿಲಾನ್ ಹ್ಲಾವ್ಸಾ ಎಂಬ 17 ವರ್ಷದ ಹುಡುಗ ಗೆಳೆಯರನ್ನು ಕಟ್ಟಿಕೊಂಡು ಬ್ಯಾಂಡ್ ಶುರು ಮಾಡಿದ.

ಅವರ ಹಾಡುಗಳಲ್ಲಿ ಸರಕಾರದ ವಿರುದ್ಧ ಘೋಷಣೆ ಹುಡುಕಲು ಹೋಗಬೇಡಿ. ತಮ್ಮ ಪಾಡಿಗೆ ತಾವು ನುಡಿಸಿಕೊಂಡಿರಬೇಕು, ಅಷ್ಟೇ ಅವರ ಆಸೆ. ಆದರೆ ಅಲ್ಲಿ ದುಡ್ಡು ಪಡೆದು ಹಾಡಬೇಕೆಂದರೆ ಸರಕಾರದ ಲೈಸೆನ್ಸ್ ಬೇಕಿತ್ತು. ಟ್ಯಾಂಕುಗಳ ಹಿಂದೆ ಬಂದ ಹೊಸ ಆಡಳಿತಕ್ಕೆ ಉದ್ದ ಕೂದಲು, ಇಂಗ್ಲಿಷ್ ಹೆಸರು, ಆ ಕರ್ಕಶ ಗಿಟಾರು ಯಾವುದೂ ಹಿಡಿಸಲಿಲ್ಲ. ಇವರೂ ಬದಲಾಗಲಿಲ್ಲ. 1970ರಲ್ಲಿ ಲೈಸೆನ್ಸ್ ಹೋಯಿತು. ಅದರ ಜೊತೆಗೆ ಸರಕಾರದಿಂದ ಸಿಕ್ಕಿದ್ದ ವಾದ್ಯ, ಆಂಪ್ಲಿಫೈಯರ್‌ಗಳೂ ಹೋದವು.

ಬ್ಯಾಂಡಿನ ಮಾರ್ಗದರ್ಶಕ ಇವಾನ್ ಯಿರೋಸ್ ಕಲಾ ಇತಿಹಾಸ ಓದಿದವರು. ಅವರು ಒಂದು ದಾರಿ ಕಂಡುಕೊಂಡರು. ಅಮೆರಿಕದ ಚಿತ್ರಕಾರ ಆಂಡಿ ವಾರ್ಹಾಲ್ ಬಗ್ಗೆ ಉಪನ್ಯಾಸ ಎಂದು ಹಾಲ್ ಹಿಡಿಯುವುದು. ಸ್ವಲ್ಪ ಹೊತ್ತು ಸ್ಲೈಡ್ ತೋರಿಸಿ ಮಾತಾಡುವುದು. ಆಮೇಲೆ 'ಉದಾಹರಣೆಗೆ' ಅಂತ ಬ್ಯಾಂಡು ನುಡಿಸಲು ಶುರು! ಇದೂ ಜಾಸ್ತಿ ದಿನ ನಡೆಯಲಿಲ್ಲ. ಕೊನೆಗೆ ಉಳಿದದ್ದು ಹಳ್ಳಿಯ ಹೋಟೆಲು, ಗೆಳೆಯರ ಮದುವೆ. ಜಾಗ ಎಲ್ಲಿ ಅಂತ ಬಾಯಿಂದ ಬಾಯಿಗೆ ಹೇಳಿಕೊಂಡು ಜನ ರೈಲು ಹತ್ತಿ ಬರುತ್ತಿದ್ದರು. 1974ರ ಮಾರ್ಚ್‌ನಲ್ಲಿ ಚೆಸ್ಕೆ ಬುಡೆಯೊವಿತ್ಸೆ ಹತ್ತಿರ ಹೀಗೆ ಬಂದವರನ್ನು ಪೊಲೀಸರು ಲಾಠಿಯಿಂದ ಬಡಿದು ಓಡಿಸಿದರು.

1976ರ ಫೆಬ್ರವರಿಯಲ್ಲಿ ಯಿರೋಸ್ ಮದುವೆಯ ನೆಪದಲ್ಲಿ ಬೊಯನೊವಿತ್ಸೆ ಹಳ್ಳಿಯಲ್ಲಿ ದೊಡ್ಡ ಸಂಗೀತ ಕೂಟ ನಡೆಯಿತು. ಮರು ತಿಂಗಳೇ ಬಂಧನ. ಸೆಪ್ಟೆಂಬರ್‌ನಲ್ಲಿ ನಾಲ್ಕು ಜನ ಕಟಕಟೆಯಲ್ಲಿ ನಿಂತರು: ಯಿರೋಸ್, ಸ್ಯಾಕ್ಸೊಫೋನ್ ನುಡಿಸುವ ಬ್ರಾಬೆನೆಟ್ಸ್, ಕವಿ ಜಾಯಿಚೆಕ್, ಹಾಡುಗಾರರೂ ಆಗಿದ್ದ ಪಾದ್ರಿ ಕರಾಸೆಕ್. ಆರೋಪ ಏನು ಗೊತ್ತಾ? ಪುಂಡಾಟ. ಯಿರೋಸ್‌ಗೆ 18 ತಿಂಗಳು ಜೈಲು, ಉಳಿದವರಿಗೆ 8ರಿಂದ 12 ತಿಂಗಳು.

ಭಯ ಯಾಕೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ವಿರೋಧಿಸುವವರನ್ನು ಹೇಗೆ ಬಗ್ಗಿಸಬೇಕೆಂದು ಆ ಸರಕಾರಕ್ಕೆ ಚೆನ್ನಾಗಿ ಗೊತ್ತಿತ್ತು. ತನ್ನ ಅಪ್ಪಣೆಯನ್ನೇ ಕೇಳದೆ ನೂರಾರು ಜನ ಒಂದು ಕಡೆ ಸೇರಿ ಖುಷಿಯಾಗಿದ್ದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ನಾಟಕಕಾರ ವಾತ್ಸ್ಲಾವ್ ಹಾವೆಲ್ ಆ ವಿಚಾರಣೆಯನ್ನು ಕೂತು ನೋಡಿದರು. ಈ ಹುಡುಗರನ್ನು ಕೈಬಿಟ್ಟರೆ ನಾಳೆ ಯಾರನ್ನಾದರೂ ಹೀಗೇ ಎಳೆದೊಯ್ಯಬಹುದು ಎಂಬುದು ಅವರಂಥ ಅನೇಕರಿಗೆ ತಟ್ಟಿತು. ಅಲ್ಲಿಯವರೆಗೆ ಒಬ್ಬರಿಗೊಬ್ಬರು ದೂರವಿದ್ದ ಲೇಖಕರು, ಪಾದ್ರಿಗಳು, ಪಕ್ಷದಿಂದ ಹೊರಬಿದ್ದ ಕಮ್ಯುನಿಸ್ಟರು, ಉದ್ದ ಕೂದಲಿನ ಹುಡುಗರು ಒಂದಾದರು. 1977ರ ಜನವರಿಯಲ್ಲಿ, ಮಾನವ ಹಕ್ಕುಗಳನ್ನು ಗೌರವಿಸಿ ಎಂದು ಸರಕಾರವನ್ನು ಕೇಳುವ 'ಚಾರ್ಟರ್ 77' ಎಂಬ ಹೇಳಿಕೆ ಹೊರಬಂತು. ಮೊದಲು ಸಹಿ ಹಾಕಿದವರು 240ಕ್ಕೂ ಹೆಚ್ಚು ಮಂದಿ. ಅದರ ಪ್ರತಿಗಳನ್ನು ಪೋಸ್ಟ್ ಮಾಡಲು ಹೊರಟ ಹಾವೆಲ್ ಮತ್ತು ಗೆಳೆಯರ ಕಾರನ್ನು ಪೊಲೀಸರು ಬೆನ್ನಟ್ಟಿ ಹಿಡಿದರು.

ಇನ್ನು ಪುಸ್ತಕದ ಮಾತು. ಹೀಗೆ ತಾವೇ ಮಾಡಿ ಹಂಚಿಕೊಳ್ಳುವ ಪುಸ್ತಕಕ್ಕೆ 'ಸಮಿಜ್ದಾತ್' ಎಂದು ಹೆಸರು. ರಷ್ಯನ್ ಪದ ಅದು, ಸ್ವಂತ ಪ್ರಕಟಣೆ ಎಂದರ್ಥ. ನಮ್ಮಲ್ಲಿ ಟೈಪಿಂಗ್ ಕ್ಲಾಸಿಗೆ ಹೋದವರಿಗೆ ಅದರ ಕಷ್ಟ ಬೇಗ ಅರ್ಥವಾಗುತ್ತದೆ. ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆಗಳು, ನಡುನಡುವೆ ಕಾರ್ಬನ್, ಹೀಗೆ ಹತ್ತು ಹನ್ನೆರಡು ಪದರ ಸೇರಿಸಿ ಟೈಪ್‌ರೈಟರ್‌ಗೆ ಏರಿಸಬೇಕು. ಕೀಲಿಯನ್ನು ಸುಮ್ನೆ ಮುಟ್ಟಿದರೆ ಆಗದು, ಕುಟ್ಟಬೇಕು. ಒಂದು ಅಕ್ಷರ ತಪ್ಪಿದರೆ ಎಲ್ಲ ಪ್ರತಿಗಳಲ್ಲೂ ತಿದ್ದಬೇಕು. ಮೇಲಿನ ಪ್ರತಿ ಸ್ಪಷ್ಟ, ಕೊನೆಯದು ಮಂಜು ಕವಿದ ಹಾಗೆ. ಇನ್ನೂ ಹತ್ತು ಪ್ರತಿ ಬೇಕಾದರೆ? ಇಡೀ ಕಾದಂಬರಿಯನ್ನು ಮೊದಲ ಪುಟದಿಂದ ಮತ್ತೆ ಕುಟ್ಟಬೇಕು. ಈ ಕೆಲಸ ಮಾಡಿದವರಲ್ಲಿ ಹೆಂಗಸರೇ ಬಹಳ. ಲೇಖಕರ ಹೆಸರು ಜಗತ್ತಿಗೆ ಗೊತ್ತಾಯಿತು, ಆ ಬೆರಳುಗಳ ಹೆಸರು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅದು ನನಗೆ ಈಗಲೂ ಬೇಸರದ ಸಂಗತಿ.

ಲೇಖಕ ಲುದ್ವಿಕ್ ವಾತ್ಸುಲಿಕ್ ನಡೆಸಿದ 'ಪೆಟ್ಲಿತ್ಸೆ' ಮಾಲೆಯಲ್ಲಿ ಹೀಗೆ 300ಕ್ಕೂ ಹೆಚ್ಚು ಪುಸ್ತಕಗಳು ಬಂದವು. ಪೆಟ್ಲಿತ್ಸೆ ಎಂದರೆ ಚಿಲಕ. ಅದರ ಪ್ರತಿಗಳ ಮೇಲೆ ಲೇಖಕರ ಸಹಿ ಇರುತ್ತಿತ್ತು, 'ಈ ಹಸ್ತಪ್ರತಿಯನ್ನು ನಕಲು ಮಾಡುವುದಕ್ಕೆ ನಿಷೇಧವಿದೆ' ಎಂಬ ಸಾಲೂ ಇರುತ್ತಿತ್ತು. ಪೊಲೀಸರು ಬಂದರೆ, ಇದು ಪ್ರಕಟಣೆ ಅಲ್ಲ, ನನ್ನ ಹಸ್ತಪ್ರತಿ ಎನ್ನಬಹುದಲ್ವಾ? ಓದುಗರು ಮಾತ್ರ ಮನೆಗೆ ಒಯ್ದು ಮತ್ತೆ ಟೈಪ್ ಮಾಡುತ್ತಲೇ ಇದ್ದರು.

ಇವನ್ನು ನೋಡಬೇಕೆಂದರೆ ಪ್ರಾಗ್‌ನಲ್ಲಿ 'ಲಿಬ್ರಿ ಪ್ರೊಹಿಬಿಟಿ' ಎಂಬ ಗ್ರಂಥಾಲಯವಿದೆ. ಯಿರ್ಜಿ ಗ್ರುಂಟೊರಾದ್ ಎಂಬುವರು 1990ರಲ್ಲಿ ಅದನ್ನು ಶುರು ಮಾಡಿದರು. ಸಮಿಜ್ದಾತ್ ಪ್ರಕಟಿಸುತ್ತಿದ್ದ ಅವರು ಹಿಂದೆ 4 ವರ್ಷ ಜೈಲಿನಲ್ಲಿದ್ದವರು. ಆ ಟೈಪ್ ಮಾಡಿದ ತೆಳು ಹಾಳೆಯ ಪುಸ್ತಕಗಳನ್ನು ಅಲ್ಲಿ ಈಗ ಯಾರು ಬೇಕಾದರೂ ಕೇಳಿ ಪಡೆದು, ಮೇಜಿನ ಮುಂದೆ ಕೂತು ಓದಬಹುದು.